ನಿದ್ದೆ ಮಾತ್ರೆ ಇಳಿಸುವಾಗ ಮಾತ್ರೆಯೇ ಬದಲಾದರೆ ಮನಸ್ಸಿಗೆ ಏನಾಗುತ್ತದೆ?

ಎಷ್ಟೋ ತಿಂಗಳಿಂದ, ಕೆಲವರ ವಿಷಯದಲ್ಲಿ ಎಷ್ಟೋ ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಅಲ್ಪ್ರಜೋಲಮ್ ಅಥವಾ ಕ್ಲೋನಜೆಪಮ್ ಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸುತ್ತಿದ್ದಾರೆ. ನಡುವೆ ಮಾತ್ರೆಯನ್ನೇ ಬದಲಿಸಿದರು, ಅಥವಾ ಜೊತೆಗೆ ಹೊಸದೊಂದನ್ನು ಸೇರಿಸಿದರು. ನಾಲ್ಕೈದು ದಿನಕ್ಕೆ ಶುರುವಾಯಿತು: ಕಾರಣವಿಲ್ಲದೆ ಅಳು, ಸಣ್ಣ ಮಾತಿಗೂ ಸಿಡುಕು, ಬೆಳಗಿನ ಜಾವ ಎದೆ ಡವಡವ, ಯಾವುದರಲ್ಲೂ ಮನಸ್ಸಿಲ್ಲ. ಆಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ತೀರ್ಪು ಬರುತ್ತವೆ. ಒಂದು, "ಹಳೇ ಕಾಯಿಲೆ ತಿರುಗಿ ಬಂತು". ಇನ್ನೊಂದು, "ಹೊಸ ಮಾತ್ರೆ ಒಗ್ಗಲಿಲ್ಲ, ನಿಲ್ಲಿಸಿಬಿಡೋಣ".

ಎರಡೂ ನಿಜವಿರಬಹುದು. ಆದರೆ ಎರಡೂ ಅಲ್ಲದ ಕಾರಣಗಳು ಇನ್ನೂ ಮೂರ್ನಾಲ್ಕು ಇವೆ. ತಪ್ಪು ಕಾರಣ ಹಿಡಿದರೆ ಚಿಕಿತ್ಸೆಯೂ ತಪ್ಪುತ್ತದೆ: ಬೇಕಾದ ಮಾತ್ರೆ ನಿಲ್ಲುತ್ತದೆ, ಬೇಡವಾದದ್ದು ಸೇರುತ್ತದೆ, ಅಷ್ಟು ಕಷ್ಟಪಟ್ಟು ಇಳಿಸಿದ ಡೋಸ್ ಮತ್ತೆ ಮೇಲಕ್ಕೇರುತ್ತದೆ. ಸರಿಯಾದ ಕಾರಣ ಹುಡುಕಲು ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ತಾರೀಖು. ಯಾವ ದಿನ ಏನು ಬದಲಾಯಿತು, ಯಾವ ದಿನದಿಂದ ಮನಸ್ಸು ಬದಲಾಯಿತು ಎಂಬ ಲೆಕ್ಕ. ಅದನ್ನು ಕೊಡಬಲ್ಲವರು ನೀವು ಮಾತ್ರ.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಈ ಗುಂಪಿನ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಈ ಲೇಖನದಲ್ಲಿರುವ ಯಾವ ಲೆಕ್ಕವನ್ನೂ ನೋಡಿ ನೀವಾಗಿಯೇ ಡೋಸ್ ಬದಲಿಸಬೇಡಿ. ಇಲ್ಲಿರುವುದು ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಬೇಕಾದ ಮಾಹಿತಿ.

ಈಗ ಯಾಕೆ ಈ ಚರ್ಚೆ?

2020ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೆಂಜೊಡಯಾಜೆಪೀನ್ ಗುಂಪಿನ ಎಲ್ಲ ಔಷಧಗಳ ಮಾಹಿತಿ ಪತ್ರದಲ್ಲಿ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆಯನ್ನು ವಿಸ್ತರಿಸಿತು. ದುರ್ಬಳಕೆ ಮತ್ತು ಚಟದ ಜೊತೆಗೆ, ಹೇಳಿದಂತೆಯೇ ತೆಗೆದುಕೊಂಡರೂ ದೇಹ ಇವಕ್ಕೆ ಒಗ್ಗಿಹೋಗಬಹುದು, ಒಮ್ಮೆಲೇ ಬಿಟ್ಟರೆ ಅಪಾಯ ಎಂಬ ಮಾತೂ ಅದರಲ್ಲಿ ಸೇರಿತು. 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ದೇಹ ಒಗ್ಗಿಕೊಳ್ಳುವ ಔಷಧಗಳನ್ನು ಹೇಗೆ ಬಿಡಿಸಬೇಕು ಎಂಬುದರ ಬಗ್ಗೆ ಮಾರ್ಗಸೂಚಿ ತಂದಿತು. 2025ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಅಡಿಕ್ಷನ್ ಮೆಡಿಸಿನ್ ಇತರ ವೈದ್ಯ ಸಂಘಗಳ ಜೊತೆ ಸೇರಿ, ಬೆಂಜೊಡಯಾಜೆಪೀನ್ ಇಳಿಸುವುದಕ್ಕೆಂದೇ ಒಂದು ಜಂಟಿ ಮಾರ್ಗಸೂಚಿ ಪ್ರಕಟಿಸಿತು. ಮೊದಲ ಇಳಿಕೆ 5ರಿಂದ 10 ಶೇಕಡಾ ಇರಲಿ, ಸಾಮಾನ್ಯವಾಗಿ ಎರಡು ವಾರಕ್ಕೆ 25 ಶೇಕಡಾ ದಾಟದಿರಲಿ, ರೋಗಿಯ ಅನುಭವ ನೋಡಿಕೊಂಡು ವೇಗ ಬದಲಿಸಿ ಎಂಬುದು ಅದರ ತಿರುಳು.

ನಮ್ಮಲ್ಲಿ 2014ರ ಮಾರ್ಚ್ 1ರಿಂದ ಅಲ್ಪ್ರಜೋಲಮ್, ಡಯಾಜೆಪಮ್, ಕ್ಲೋರ್‌ಡಯಾಜೆಪಾಕ್ಸೈಡ್, ನೈಟ್ರಜೆಪಮ್ ಮತ್ತು ಇದೇ ಕೆಲಸಕ್ಕೆ ಬಳಸುವ ಜೋಲ್ಪಿಡೆಮ್ 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ. ಮೆಡಿಕಲ್ ಶಾಪಿನವರು ಚೀಟಿ ನೋಡಿಯೇ ಕೊಡಬೇಕು, ರೋಗಿಯ ಮತ್ತು ಡಾಕ್ಟರ ಹೆಸರನ್ನು ಬೇರೆಯದೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ನಿಯಮಗಳು ಬಿಗಿಯಾದದ್ದು ಒಳ್ಳೆಯದೇ. ಆದರೆ ಮಾರ್ಗಸೂಚಿ ಹೇಳುವ 5ರಿಂದ 10 ಶೇಕಡಾ ನಮ್ಮ ಕೈಯಲ್ಲಿರುವ ಸ್ಟ್ರಿಪ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ. ಮಾತ್ರೆ ಬದಲಿಸುವ ಪ್ರಶ್ನೆ ಹುಟ್ಟುವುದೇ ಅಲ್ಲಿಂದ.

ಮಾತ್ರೆ ಬದಲಿಸುವುದು ಏಕೆ?

ಮೊದಲ ಕಾರಣ ಅಳತೆ. ರಾತ್ರಿ ಒಂದು ಕ್ಲೋನಜೆಪಮ್ 0.5 ಮಿಲಿಗ್ರಾಂ ತೆಗೆದುಕೊಳ್ಳುವವರನ್ನು ನೆನೆಯಿರಿ. ಅದರ ಕೆಳಗಿನ ಮಾತ್ರೆ 0.25. ಅಂದರೆ ಒಂದೇ ಹೆಜ್ಜೆಗೆ 50 ಶೇಕಡಾ ಇಳಿಕೆ. ಒಂದು 0.25 ಮತ್ತು ಇನ್ನೊಂದರ ಅರ್ಧ ಸೇರಿಸಿದರೂ 25 ಶೇಕಡಾ ಇಳಿಯುತ್ತದೆ. ಹತ್ತು ಶೇಕಡಾ ಬೇಕೆಂದರೆ 0.05 ಮಿಲಿಗ್ರಾಂ ಕಡಿಮೆ ಮಾಡಬೇಕು. ಅಷ್ಟು ಸಣ್ಣ ತುಂಡನ್ನು ಬ್ಲೇಡಿನಿಂದ ಕತ್ತರಿಸಲು ಆಗುವುದಿಲ್ಲ.

ಎರಡನೆಯ ಕಾರಣ ಔಷಧ ದೇಹದಲ್ಲಿ ಉಳಿಯುವ ಕಾಲ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯಕ್ಕೆ ಅರ್ಧಾಯು ಎನ್ನುತ್ತಾರೆ. ಅಲ್ಪ್ರಜೋಲಮ್‌ಗೆ ಇದು ಸರಾಸರಿ 11 ಗಂಟೆ, ಲೋರಜೆಪಮ್‌ಗೆ ಸುಮಾರು 12 ಗಂಟೆ, ಕ್ಲೋನಜೆಪಮ್‌ಗೆ 30ರಿಂದ 40 ಗಂಟೆ. ಡಯಾಜೆಪಮ್‌ಗೆ 48 ಗಂಟೆಯವರೆಗೂ ಹೋಗಬಹುದು, ಮತ್ತು ಅದು ದೇಹದೊಳಗೆ ಒಡೆದು ಉಂಟಾಗುವ, ಕೆಲಸ ಮಾಡುವ ಇನ್ನೊಂದು ಪದಾರ್ಥಕ್ಕೆ 100 ಗಂಟೆಯವರೆಗೂ. ಬೇಗ ಇಳಿಯುವ ಔಷಧದಲ್ಲಿ ಎರಡು ಡೋಸುಗಳ ನಡುವೆಯೇ ಕೊರತೆ ಕಾಣಿಸಬಹುದು. ಸಂಜೆಯಾಗುತ್ತಿದ್ದಂತೆ ತಳಮಳ ಏರಿ, ಮಾತ್ರೆ ನುಂಗಿದ ಅರ್ಧ ಗಂಟೆಗೆ ಇಳಿಯುವುದನ್ನು ಎಷ್ಟೋ ಜನ ನೋಡಿರುತ್ತೀರಿ. ನಿಧಾನವಾಗಿ ಇಳಿಯುವ ಔಷಧದಲ್ಲಿ ಈ ಏರಿಳಿತ ಕಡಿಮೆ.

ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆಗಳನ್ನು ಬಿಡಿಸುವ ಕ್ಲಿನಿಕ್ ನಡೆಸಿದ ಡಾ. ಹೆದರ್ ಆಷ್ಟನ್, ಈ ಎರಡೂ ಕಾರಣಕ್ಕೆ ಡಯಾಜೆಪಮ್‌ಗೆ ಬದಲಾಯಿಸಿ ನಂತರ ಇಳಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅವರು ಒಮ್ಮೆಲೇ ಬದಲಿಸುತ್ತಿರಲಿಲ್ಲ. ದಿನದ ಒಂದೊಂದೇ ಡೋಸನ್ನು, ಹೆಚ್ಚಾಗಿ ರಾತ್ರಿಯ ಡೋಸಿನಿಂದ ಶುರು ಮಾಡಿ ಬದಲಿಸಬೇಕೆನ್ನುತ್ತಿದ್ದರು. 2025ರ ಮಾರ್ಗಸೂಚಿಯೂ ನಿಧಾನ ಇಳಿಯುವ ಔಷಧಕ್ಕೆ ಬದಲಿಸುವುದನ್ನು ಪರಿಗಣಿಸಬಹುದು ಎನ್ನುತ್ತದೆ. ಕಡ್ಡಾಯ ಎನ್ನುವುದಿಲ್ಲ. ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಡಯಾಜೆಪಮ್ ದೇಹದಲ್ಲಿ ಶೇಖರವಾಗುವುದರಿಂದ ಡಾಕ್ಟರು ಬೇರೆ ದಾರಿ ಹಿಡಿಯಬಹುದು.

ಲೆಕ್ಕದಲ್ಲೇ ಇರುವ ಅಂತರ

ಒಂದು ಮಾತ್ರೆಗೆ ಇನ್ನೊಂದು ಎಷ್ಟು ಸಮ ಎಂಬುದಕ್ಕೆ ಪಟ್ಟಿಗಳಿವೆ. ಆಷ್ಟನ್ ಅವರ ಪಟ್ಟಿಯಲ್ಲಿ ಡಯಾಜೆಪಮ್ 10 ಮಿಲಿಗ್ರಾಂಗೆ ಅಲ್ಪ್ರಜೋಲಮ್ 0.5 ಸಮ. ಬೇರೆ ಕೆಲವು ಪಟ್ಟಿಗಳಲ್ಲಿ ಅದೇ 10ಕ್ಕೆ ಅಲ್ಪ್ರಜೋಲಮ್ 1 ಮಿಲಿಗ್ರಾಂ. ಒಂದಕ್ಕೆ ಎರಡರಷ್ಟು ವ್ಯತ್ಯಾಸ. ಇದು ಯಾರದೋ ಅಜಾಗರೂಕತೆಯಲ್ಲ. ಒಬ್ಬೊಬ್ಬರ ದೇಹ ಇವನ್ನು ಒಂದೊಂದು ವೇಗದಲ್ಲಿ ಒಡೆಯುವುದರಿಂದ ನಿಖರ ಸಂಖ್ಯೆ ಸಾಧ್ಯವಿಲ್ಲ.

ದಿನಕ್ಕೆ ಎರಡು ಬಾರಿ ಅಲ್ಪ್ರಜೋಲಮ್ 0.5 ತೆಗೆದುಕೊಳ್ಳುವ ಒಬ್ಬರಿದ್ದಾರೆ ಎಂದುಕೊಳ್ಳೋಣ. ಒಟ್ಟು 1 ಮಿಲಿಗ್ರಾಂ. ಒಂದು ಪಟ್ಟಿಯ ಪ್ರಕಾರ ಅವರಿಗೆ ಡಯಾಜೆಪಮ್ 20 ಬೇಕು, ಇನ್ನೊಂದರ ಪ್ರಕಾರ 10. ವಯಸ್ಸಾದವರಾದರೆ ಬೀಳುವ ಭಯಕ್ಕೆ ಡಾಕ್ಟರು 10ರಿಂದ ಶುರು ಮಾಡುತ್ತಾರೆ. ಅವರ ದೇಹಕ್ಕೆ 20 ಬೇಕಿದ್ದರೆ, 'ಬರೀ ಮಾತ್ರೆ ಬದಲಾಯಿಸಿದ್ದು' ಎಂದು ನೀವು ತಿಳಿದ ದಿನವೇ ಡೋಸ್ ಅರ್ಧಕ್ಕೆ ಇಳಿದಂತಾಯಿತು. ಆಗ ಬರುವ ಭಯ, ಸಿಡುಕು, ನಿದ್ರೆಗೇಡು ಹೊಸ ಮಾತ್ರೆಯ ದೋಷವಲ್ಲ, ಹಳೆಯದರ ಕೊರತೆ. ತಿರುವು ಮುರುವಾಗಿ, 10 ಸಾಕಾಗಿದ್ದವರಿಗೆ 20 ಕೊಟ್ಟರೆ ಮಂಕು ಕವಿಯುತ್ತದೆ. ಮಾತು ನಿಧಾನ, ಹಗಲು ನಿದ್ದೆ, ಯಾವುದರಲ್ಲೂ ಆಸಕ್ತಿ ಇಲ್ಲ. ಮನೆಯವರಿಗೆ ಅದು ಖಿನ್ನತೆಯಂತೆ ಕಾಣುತ್ತದೆ. ಒಂದಕ್ಕೆ ಡೋಸ್ ಏರಿಸಬೇಕು, ಇನ್ನೊಂದಕ್ಕೆ ಇಳಿಸಬೇಕು. ಎರಡನ್ನೂ "ಒಗ್ಗಲಿಲ್ಲ" ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಡಾಕ್ಟರಿಗೆ ದಾರಿ ಕಾಣುವುದಿಲ್ಲ.

ಇಂದಿನ ಮನಸ್ಸಿಗೆ ಕಾರಣ ಇಂದಿನದೇ ಆಗಿರಬೇಕಿಲ್ಲ

ಒಂದು ಔಷಧ ದೇಹದಿಂದ ಬಹುಪಾಲು ಹೋಗಲು, ಅಥವಾ ಹೊಸದು ಪೂರ್ಣ ಮಟ್ಟಕ್ಕೆ ಏರಲು, ಸುಮಾರು ಐದು ಅರ್ಧಾಯು ಬೇಕು. ಈ ಒಂದು ನಿಯಮ ಹಿಡಿದರೆ ಎಷ್ಟೋ ಗೊಂದಲ ಬಿಡಿಸಬಹುದು.

ಅಲ್ಪ್ರಜೋಲಮ್ ಎರಡು ಮೂರು ದಿನದಲ್ಲಿ ದೇಹದಿಂದ ಹೊರಟುಹೋಗುತ್ತದೆ. ಬದಲಿಗೆ ಬಂದ ಡಯಾಜೆಪಮ್ ತನ್ನ ಉಪಪದಾರ್ಥದ ಸಮೇತ ಪೂರ್ತಿ ಏರಲು ಎರಡು ಮೂರು ವಾರ ಹಿಡಿಯಬಹುದು. ಹಾಗಾಗಿ ಮೊದಲ ವಾರ ಕೊರತೆಯ ವಾರ: ತಳಮಳ, ಅಳು, ಬೆಚ್ಚಿಬೀಳುವುದು. ಮೂರನೇ ವಾರ ಅದೇ ಡೋಸಿನಲ್ಲಿ ಮಂಕು, ತೂಕಡಿಕೆ. ಮೊದಲ ವಾರದ ಕಷ್ಟ ನೋಡಿ ಅವಸರಕ್ಕೆ ಡೋಸ್ ಹೆಚ್ಚಿಸಿಕೊಂಡವರು ಮೂರನೇ ವಾರದಲ್ಲಿ ಬಚ್ಚಲಲ್ಲಿ ಜಾರಿಬೀಳುವ ಅಪಾಯ ಇರುವುದು ಇದಕ್ಕೇ.

ಡಯಾಜೆಪಮ್ ಇಳಿಸುವಾಗ ಇದರ ತಿರುಗುಮುರುಗು. ಇಂದು ಇಳಿಸಿದ್ದರ ಪೂರ್ಣ ಪರಿಣಾಮ ಒಂದೆರಡು ವಾರದ ನಂತರ ಕಾಣಿಸಬಹುದು. ಆ ಹೊತ್ತಿಗೆ ಮನೆಯಲ್ಲಿ ಒಂದು ಮದುವೆ, ಒಂದು ಜಗಳ, ಮಗನ ಪರೀಕ್ಷೆ ಏನಾದರೂ ಬಂದಿರುತ್ತದೆ. ಎಲ್ಲರೂ ಅದನ್ನೇ ಕಾರಣ ಅನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಡೋಸ್ ಇಳಿಸಿದ ದಿನಕ್ಕೆ ಗುರುತು ಇದ್ದರೆ ಮಾತ್ರ ನಿಜ ಕಾರಣ ಕಣ್ಣಿಗೆ ಬೀಳುತ್ತದೆ.

'ಪ್ಲಸ್' ಮಾತ್ರೆಗಳ ಒಳಗೆ

ನಮ್ಮ ದೇಶದಲ್ಲಿ ಎರಡು ಔಷಧ ಸೇರಿಸಿದ ಮಾತ್ರೆಗಳು ಬಹಳ ಬಳಕೆಯಲ್ಲಿವೆ. ಎಸಿಟಾಲೋಪ್ರಮ್ ಎಂಬ ಖಿನ್ನತೆಯ ಔಷಧದ ಜೊತೆ ಕ್ಲೋನಜೆಪಮ್, ರಕ್ತದೊತ್ತಡ ಮತ್ತು ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆ ಕ್ಲೋನಜೆಪಮ್ ಅಥವಾ ಎಟಿಜೋಲಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್. ಹೊಟ್ಟೆ ನುಲಿತಕ್ಕೆ ಕೊಡುವ ಕ್ಲಿಡಿನಿಯಮ್ ಮಾತ್ರೆಯಲ್ಲೂ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಅದು 'ಗ್ಯಾಸ್ ಮಾತ್ರೆ' ಎಂದೇ ಮನೆಯಲ್ಲಿ ಹೆಸರು ಮಾಡಿರುತ್ತದೆ.

ಇಂಥ ಮಾತ್ರೆಯನ್ನು ಅರ್ಧ ಮಾಡಿದರೆ ಎರಡು ಔಷಧವೂ ಅರ್ಧವಾಗುತ್ತದೆ. ನಿಲ್ಲಿಸಿದರೆ ಎರಡೂ ನಿಲ್ಲುತ್ತವೆ. ಎಸಿಟಾಲೋಪ್ರಮ್ ತಟ್ಟನೆ ನಿಂತಾಗ ಕೆಲವೇ ದಿನದಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು, ಸಿಡುಕು, ಅಳು, ವಿಚಿತ್ರ ಕನಸು ಬರಬಹುದು. ವಾರಗಳ ನಂತರ ಮೂಲ ಖಿನ್ನತೆಯೇ ಮರಳಬಹುದು. ಪ್ರೊಪ್ರನೊಲಾಲ್ ಒಮ್ಮೆಲೇ ನಿಂತರೆ ಎದೆಬಡಿತ ಏರುತ್ತದೆ, ಹೃದಯದ ತೊಂದರೆ ಇರುವವರಿಗೆ ಅದು ಅಪಾಯ. "ನಿದ್ದೆ ಮಾತ್ರೆ ಬಿಟ್ಟೆವು" ಎಂದು ನೀವು ತಿಳಿದಿರುವಾಗ, ಬಿಟ್ಟದ್ದು ಎರಡು.

ಹಾಗಾಗಿ ಇಳಿಸಲು ಶುರು ಮಾಡುವ ಮೊದಲು ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರುಗಳನ್ನು ಓದಿ. ಎರಡು ಹೆಸರಿದ್ದರೆ ಡಾಕ್ಟರಿಗೆ ಕೇಳಿ: "ಇವೆರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಬಹುದೇ?" ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಇಳಿಸಲು ಅದೊಂದೇ ದಾರಿ. ಹೆಸರಿನ ಜೊತೆ 'ಎಸ್‌ಆರ್' ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಪುಡಿ ಮಾಡಿದರೆ ದಿನವಿಡೀ ಬಿಡುಗಡೆಯಾಗಬೇಕಾದ್ದು ಒಮ್ಮೆಗೇ ಹೊರಬರುತ್ತದೆ. ಎಸ್‌ಆರ್‌ನಿಂದ ಸಾದಾ ಮಾತ್ರೆಗೆ ಬದಲಾದಾಗಲೂ ಒಟ್ಟು ಮಿಲಿಗ್ರಾಂ ಅಷ್ಟೇ ಇದ್ದರೂ ದಿನದ ಏರಿಳಿತ ಬದಲಾಗುತ್ತದೆ.

ಸಹಾಯಕ್ಕೆ ಬಂದ ಮಾತ್ರೆ ಮತ್ತು ಅದರ ಸ್ವಂತ ಗುಣ

ಆತಂಕ ತಡೆಯಲು ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಸೇರಿಸುವುದು ಸಾಮಾನ್ಯ. ಎಸಿಟಾಲೋಪ್ರಮ್, ಸರ್ಟ್ರಲೀನ್, ಪ್ಯಾರಾಕ್ಸಿಟಿನ್ ಈ ಗುಂಪಿನವು. ಇವು ಪೂರ್ತಿ ಕೆಲಸ ಶುರು ಮಾಡಲು ಹಲವು ವಾರ ಬೇಕು. ಆದರೆ ಮೊದಲ ಒಂದೆರಡು ವಾರ ಕೆಲವರಲ್ಲಿ ಚಡಪಡಿಕೆ, ನಿದ್ರೆಗೇಡು, ಆತಂಕ ಹೆಚ್ಚೇ ಆಗಬಹುದು. ಬೆಂಜೊ ಇಳಿಸಿದ ವಾರವೇ ಇದನ್ನೂ ಶುರು ಮಾಡಿದರೆ ಯಾವುದು ಯಾವುದರಿಂದ ಎಂದು ಯಾರಿಗೂ ಹೇಳಲಾಗದು. ಖಿನ್ನತೆಯ ಔಷಧಗಳನ್ನು ಶುರು ಮಾಡಿದಾಗ ಅಥವಾ ಡೋಸ್ ಬದಲಿಸಿದಾಗ, ವಿಶೇಷವಾಗಿ 24 ವರ್ಷದವರೆಗಿನವರಲ್ಲಿ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಈ ಎಚ್ಚರಿಕೆ ಅವುಗಳ ಮಾಹಿತಿ ಪತ್ರದಲ್ಲೇ ಇದೆ.

ಫ್ಲೂವಾಕ್ಸಮಿನ್ ಎಂಬ ಔಷಧ ಅಲ್ಪ್ರಜೋಲಮ್ ಒಡೆಯುವುದನ್ನು ತಡೆದು ಅದರ ಮಟ್ಟ ಏರಿಸುತ್ತದೆ. ಅಂದರೆ ಇಳಿಸುತ್ತಿದ್ದರೂ ಒಳಗೆ ಏರಿರುತ್ತದೆ. ವ್ಯಾಲ್ಪ್ರೊಯೇಟ್ ಲೋರಜೆಪಮ್‌ಗೆ ಇದನ್ನೇ ಮಾಡುತ್ತದೆ. ಬಸ್ಪಿರೋನ್ ಆತಂಕಕ್ಕೆ ಒಳ್ಳೆಯದೇ, ಆದರೆ ಮೆದುಳಿನಲ್ಲಿ ಅದರ ಜಾಗ ಬೇರೆ. ಬೆಂಜೊ ಬಿಟ್ಟಾಗಿನ ಕೊರತೆಯನ್ನು ಅದು ತುಂಬಲಾರದು. ಪ್ರೊಪ್ರನೊಲಾಲ್ ನಡುಕ, ಎದೆಬಡಿತ ತಗ್ಗಿಸುತ್ತದೆ, ಫಿಟ್ಸ್ ತಡೆಯುವುದಿಲ್ಲ. ಆಸ್ತಮಾ ಇರುವವರು ಅದನ್ನು ತೆಗೆದುಕೊಳ್ಳಬಾರದು. ಪ್ರಿಗ್ಯಾಬಲಿನ್‌ಗೆ ದೇಹ ಒಗ್ಗಿಕೊಳ್ಳುತ್ತದೆ, ಅದನ್ನೂ ಮುಂದೆ ನಿಧಾನವಾಗಿಯೇ ಬಿಡಬೇಕು.

ಬ್ಯುಪ್ರೊಪಿಯಾನ್ ವಿಷಯ ಇನ್ನೂ ಗಂಭೀರ. ಖಿನ್ನತೆಗೂ ಸಿಗರೇಟು ಬಿಡಿಸಲೂ ಕೊಡುವ ಈ ಔಷಧವನ್ನು ಬೆಂಜೊ ಅಥವಾ ಮದ್ಯ ಒಮ್ಮೆಲೇ ನಿಲ್ಲಿಸುತ್ತಿರುವವರಿಗೆ ಕೊಡಬಾರದೆಂದು ಅದರ ಮಾಹಿತಿ ಪತ್ರ ಹೇಳುತ್ತದೆ, ಏಕೆಂದರೆ ಫಿಟ್ಸ್ ಸಾಧ್ಯತೆ ಹೆಚ್ಚುತ್ತದೆ. ಸಿಗರೇಟು ಬಿಡಿಸುವ ಡಾಕ್ಟರಿಗೆ ನಿಮ್ಮ ನಿದ್ದೆ ಮಾತ್ರೆಯ ವಿಷಯ ಗೊತ್ತಿಲ್ಲದಿರಬಹುದು. ನೀವೇ ಹೇಳಬೇಕು.

ಯಾರೂ ಬದಲಿಸದೆಯೂ ಬದಲಾಗುವ ಡೋಸ್

ಕೆಲವೊಮ್ಮೆ ಬೆಂಜೊ ಮಾತ್ರೆಯನ್ನು ಯಾರೂ ಮುಟ್ಟಿರುವುದಿಲ್ಲ. ಬೇರೆ ಕಾಯಿಲೆಗೆ ಬಂದ ಔಷಧ ಅದರ ಮಟ್ಟ ಬದಲಿಸಿರುತ್ತದೆ.

• ಕ್ಷಯರೋಗದ ಚಿಕಿತ್ಸೆಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್: ಇವು ಲಿವರ್‌ನ ಕೆಲಸ ಚುರುಕುಗೊಳಿಸಿ ಅಲ್ಪ್ರಜೋಲಮ್, ಡಯಾಜೆಪಮ್ ಮಟ್ಟವನ್ನು ತಗ್ಗಿಸುತ್ತವೆ. ಟಿಬಿ ಔಷಧ ಶುರುವಾದ ಒಂದೆರಡು ವಾರಕ್ಕೆ ಭಯ, ನಿದ್ರೆಗೇಡು ಕಾಣಿಸಿದರೆ ಅದು ಬರೀ 'ಟಿಬಿ ಚಿಂತೆ' ಆಗಿರಬೇಕಿಲ್ಲ. ಟಿಬಿ ಔಷಧವನ್ನಂತೂ ಎಂದಿಗೂ ನಿಲ್ಲಿಸಬೇಡಿ. ಎರಡೂ ಕಡೆಯ ಡಾಕ್ಟರಿಗೆ ತಿಳಿಸಿ.
• ಫಂಗಸ್ ಸೋಂಕಿನ ಇಟ್ರಾಕೊನಜೋಲ್, ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್: ಇವು ಅಲ್ಪ್ರಜೋಲಮ್ ಮಟ್ಟ ಏರಿಸುತ್ತವೆ. ಕೋರ್ಸ್ ಮುಗಿದ ದಿನದಿಂದ ಮಟ್ಟ ತಾನಾಗಿ ಇಳಿಯುತ್ತದೆ. ಆ ಇಳಿಕೆ ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ.
• ಅಸಿಡಿಟಿಯ ಒಮೆಪ್ರಜೋಲ್, ಇಸೊಮೆಪ್ರಜೋಲ್: ಡಯಾಜೆಪಮ್ ನಿಧಾನವಾಗಿ ಹೊರಹೋಗುವಂತೆ ಮಾಡುತ್ತವೆ.
• ಭೇದಿಗೆ, ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪು: ತಾವೇ ಆತಂಕ, ನಿದ್ರೆಗೇಡು ತರಬಲ್ಲವು, ಫಿಟ್ಸ್ ಸಾಧ್ಯತೆಯನ್ನೂ ಹೆಚ್ಚಿಸಬಲ್ಲವು. ನೋವಿನ ಟ್ರಮಡಾಲ್‌ಗೂ ಫಿಟ್ಸ್ ವಿಷಯದಲ್ಲಿ ಇದೇ ಎಚ್ಚರಿಕೆ.

ಊರು ಬದಲಾಗುವುದೂ ಇಂಥದ್ದೇ ಒಂದು ಕಾರಣ. ಧಾರವಾಡದಿಂದ ಪುಣೆಗೆ ಮಗಳ ಮನೆಗೆ ಬಂದ ಅಮ್ಮನ ಕೈಯಲ್ಲಿ ಹತ್ತು ದಿನದ ಮಾತ್ರೆ ಇರುತ್ತದೆ, ಇರುವುದು ಎರಡು ತಿಂಗಳು. ಅಂಗಡಿಯವರು ಹಳೇ ಚೀಟಿಗೆ ಕೊಡುವುದಿಲ್ಲ, ಕೊಟ್ಟರೂ ಅದೇ ಕಂಪನಿಯದು ಇರುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಮಾದಕವಸ್ತು ಕಾಯ್ದೆಯಡಿ ಬರುವ ಔಷಧಗಳ ಮೇಲೆ ನಿರ್ಬಂಧ ಇಟ್ಟಿರುವುದರಿಂದ ಊರಿನ ಡಾಕ್ಟರಿಗೆ ವೀಡಿಯೊ ಕಾಲ್ ಮಾಡಿದರೆ ಕೆಲಸ ಆಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಪ್ರಯಾಣಕ್ಕೆ ಮೊದಲೇ, ಔಷಧದ ಮೂಲ ಹೆಸರು, ಡೋಸ್, ಇಳಿಸುವ ಕ್ರಮ ಬರೆದ ಹೊಸ ಚೀಟಿ ಪಡೆದುಕೊಳ್ಳಿ. ಮಾತ್ರೆ ಮುಗಿಯುವ ಒಂದು ವಾರ ಮುಂಚೆ ಹೊಸ ಊರಿನ ಡಾಕ್ಟರನ್ನು ನೋಡಿ.

ಕೊರತೆಯೋ, ಕಾಯಿಲೆಯೋ, ಹೊಸ ಔಷಧವೋ?

ಖಚಿತವಾಗಿ ಹೇಳಬೇಕಾದವರು ಡಾಕ್ಟರು. ಆದರೆ ನೀವು ಗಮನಿಸಬೇಕಾದ ಗುರುತುಗಳಿವೆ.

ಬೆಂಜೊ ಕೊರತೆಯಾದರೆ ತೊಂದರೆ ಡೋಸ್ ಇಳಿಕೆಯ ಹಿಂದೆಯೇ ಬರುತ್ತದೆ. ಬೇಗ ಇಳಿಯುವ ಔಷಧಕ್ಕೆ ಒಂದೆರಡು ದಿನ, ನಿಧಾನದ್ದಕ್ಕೆ ವಾರ ಅಥವಾ ಹೆಚ್ಚು. ಹಿಂದೆಂದೂ ಇಲ್ಲದ ಲಕ್ಷಣಗಳೂ ಸೇರುತ್ತವೆ: ಬೆಳಕು ಚುಚ್ಚುವುದು, ಕುಕ್ಕರ್ ಸೀಟಿಗೂ ಬೆಚ್ಚಿಬೀಳುವುದು, ಕಿವಿಯಲ್ಲಿ ಗುಯ್ ಶಬ್ದ, ಚರ್ಮ ಜುಮುಗುಡುವುದು, ನಡುಕ. ಡೋಸ್ ಅಲ್ಲೇ ನಿಲ್ಲಿಸಿದರೆ ಸಾಮಾನ್ಯವಾಗಿ ಅಲೆಯಂತೆ ಏರಿಳಿದು ತಗ್ಗುತ್ತದೆ.

ಮೂಲ ಕಾಯಿಲೆ ಮರಳುತ್ತಿದ್ದರೆ ಅದು ಹೆಚ್ಚಾಗಿ ನಿಧಾನಕ್ಕೆ, ವಾರಗಳಲ್ಲಿ ಬೆಳೆಯುತ್ತದೆ. ಲಕ್ಷಣಗಳು ಮೊದಲ ಸಲ ಕಾಯಿಲೆ ಬಂದಾಗಿನ ಹಾಗೇ ಇರುತ್ತವೆ. ಕಾಯ್ದರೆ ತಗ್ಗುವುದಿಲ್ಲ, ಏರುತ್ತದೆ.

ಹೊಸ ಔಷಧದಿಂದಾದರೆ ಅದನ್ನು ಶುರು ಮಾಡಿದ ಅಥವಾ ಡೋಸ್ ಏರಿಸಿದ ದಿನಕ್ಕೆ ತಾಳೆಯಾಗುತ್ತದೆ. ಒಂದೇ ದಿನ ಎರಡು ಬದಲಾವಣೆ ಮಾಡಿದ್ದರೆ ಈ ತಾಳೆ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಡಾಕ್ಟರಿಗೆ ಕೇಳಬಹುದಾದ ಬಹು ಮುಖ್ಯ ಪ್ರಶ್ನೆ: "ತುರ್ತು ಇಲ್ಲದಿದ್ದರೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬಹುದೇ?"

ಇನ್ನೊಂದು ಸಾಧ್ಯತೆಯೂ ನೆನಪಿರಲಿ. ಈ ಮಾತ್ರೆಗಳು ಭಯದ ಜೊತೆಗೆ ಬೇರೆ ಭಾವನೆಗಳನ್ನೂ ಮಂಕಾಗಿಸಿರುತ್ತವೆ. ಇಳಿಸುತ್ತ ಹೋದಂತೆ ಹಳೆಯ ದುಃಖ, ಕೋಪ ಮತ್ತೆ ತಟ್ಟತೊಡಗುತ್ತವೆ. ಅಳು ಬಂದ ಕೂಡಲೇ ಅದು ಕಾಯಿಲೆ ಎಂದಲ್ಲ. ಆದರೆ ಅಳುವಿನ ಹಿಂದೆ "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಕಾಯಬೇಡಿ.

ಡಾಕ್ಟರಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ?

ಕರ್ನಾಟಕದ ಹೊರಗಿರುವ ನಮಗೆ ಇದೊಂದು ಹೆಚ್ಚಿನ ತೊಡಕು. ಅಪ್ಪ ಅಮ್ಮ ಕನ್ನಡದಲ್ಲಿ ಹೇಳುತ್ತಾರೆ, ನಾವು ಹಿಂದಿಗೋ ಮರಾಠಿಗೋ ತಿರುಗಿಸುತ್ತೇವೆ. ಒಂದೇ ರೀತಿ ಕೇಳಿಸುವ ಪದಗಳು ಇಲ್ಲಿ ಮೋಸ ಮಾಡುತ್ತವೆ. ಕನ್ನಡದ 'ಸುಸ್ತು' ಆಯಾಸ. ಹಿಂದಿ, ಮರಾಠಿಯ 'ಸುಸ್ತ್' ಎಂದರೆ ಮಂದ, ಸೋಮಾರಿ. 'ಸಂಕಟ ಆಗ್ತಿದೆ' ಎಂದರೆ ನಮಗೆ ಎದೆಯಲ್ಲೋ ಹೊಟ್ಟೆಯಲ್ಲೋ ಆಗುವ ಹಿಂಸೆ. ಹಿಂದಿಯವರಿಗೆ 'ಸಂಕಟ್' ಎಂದರೆ ಆಪತ್ತು. 'ಬೇಜಾರು' ಅಂತೂ ಕನ್ನಡದಲ್ಲೇ ಮೂರು: ದುಃಖ, ಸಿಟ್ಟು, ಹೊತ್ತು ಹೋಗದಿರುವುದು. ಖಿನ್ನತೆಯೋ ಕೊರತೆಯೋ ಎಂದು ಅಳೆಯುತ್ತಿರುವ ಡಾಕ್ಟರಿಗೆ ಈ ಮೂರರ ವ್ಯತ್ಯಾಸವೇ ಮುಖ್ಯ.

ಆದ್ದರಿಂದ ಪದ ತಿರುಗಿಸುವ ಬದಲು ನಡೆದದ್ದನ್ನು ಹೇಳಿ. "ಅಮ್ಮನಿಗೆ ಬೇಜಾರು" ಎನ್ನುವುದಕ್ಕಿಂತ "ಬುಧವಾರದಿಂದ ದಿನಕ್ಕೆ ಮೂರು ಸಲ ಅಳುತ್ತಾರೆ, ಫೋನ್ ಎತ್ತುವುದಿಲ್ಲ, ರಾತ್ರಿ ಎರಡಕ್ಕೆ ಎದ್ದರೆ ಮತ್ತೆ ನಿದ್ದೆ ಇಲ್ಲ" ಎನ್ನಿ. ಇದು ಯಾವ ಭಾಷೆಗೆ ಹೋದರೂ ಅರ್ಥ ಕೆಡುವುದಿಲ್ಲ.

ಒಂದು ಪುಟದ ದಾಖಲೆ

ಸಾದಾ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಸಾಲು.

• ತಾರೀಖು, ತೆಗೆದುಕೊಂಡ ಪ್ರತಿ ಔಷಧದ ಮೂಲ ಹೆಸರು, ಮಿಲಿಗ್ರಾಂ, ಸಮಯ.
• ಆ ದಿನದ ಬದಲಾವಣೆ: ಡೋಸ್, ಕಂಪನಿ, ಹೊಸ ಔಷಧ, ಆ್ಯಂಟಿಬಯಾಟಿಕ್, ಮರೆತ ಡೋಸ್, ಮದ್ಯ.
• ಎಷ್ಟು ಗಂಟೆ ನಿದ್ದೆ.
• ಆತಂಕ, ದುಃಖ, ಸಿಡುಕು: ಒಂದೊಂದಕ್ಕೂ 0ರಿಂದ 10ರಲ್ಲಿ ಅಂಕ.
• ಹಿಂದೆಂದೂ ಇಲ್ಲದ ಯಾವುದಾದರೂ ಲಕ್ಷಣ.

ರೋಗಿಯೇ ಬರೆಯಬಹುದಾದರೆ ಅವರೇ ಬರೆಯಲಿ. ನೋಡಿಕೊಳ್ಳುವವರು ಬರೆಯುವುದಾದರೆ ಅವರನ್ನು ಕೇಳಿ ಬರೆಯಿರಿ. ಕಾವಲು ಕಾಯುತ್ತಿದ್ದಾರೆ ಎಂಬ ಭಾವನೆ ಬಂದರೆ ನಿಜ ಹೇಳುವುದು ನಿಲ್ಲುತ್ತದೆ.

ಭೇಟಿಯಲ್ಲಿ ಇನ್ನೂ ನಾಲ್ಕು ವಿಷಯ ಕೇಳಿ. ಹೊಸ ಮಾತ್ರೆ ಹಳೆಯದಕ್ಕೆ ಎಷ್ಟು ಸಮ ಎಂದು ಲೆಕ್ಕ ಹಾಕಿದ್ದೀರಿ? ಮೊದಲ ವಾರ ಕಷ್ಟವಾದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು? ಮುಂದಿನ ಇಳಿಕೆಗೆ ಮೊದಲು ಎಷ್ಟು ದಿನ ಇದೇ ಡೋಸಿನಲ್ಲಿ ನಿಲ್ಲಬಹುದು? ನಿದ್ರೆಗೇಡಿಗೆ ಮಾತ್ರೆಯಲ್ಲದ, ಮಾತಿನ ಮೂಲಕದ ಚಿಕಿತ್ಸೆ ಇಲ್ಲಿ ಸಿಗುತ್ತದೆಯೇ? ಇಳಿಸುವ ಹಾದಿಯಲ್ಲಿ ಕೆಲವು ವಾರ ನಿಂತರೆ ಅದು ಸೋಲಲ್ಲ. ಮಾರ್ಗಸೂಚಿಗಳೇ ಅದಕ್ಕೆ ಅವಕಾಶ ಇಟ್ಟಿವೆ.

ಕಾಯಬಾರದ ಸಂದರ್ಭಗಳು

ಫಿಟ್ಸ್, ಇಲ್ಲದ್ದು ಕಾಣಿಸುವುದು ಅಥವಾ ಕೇಳಿಸುವುದು, ದಿನ, ಜಾಗ ತಿಳಿಯದಷ್ಟು ಗೊಂದಲ, ತೀವ್ರ ಜ್ವರದೊಂದಿಗೆ ನಡುಕ, ಎಬ್ಬಿಸಿದರೂ ಏಳದಷ್ಟು ನಿದ್ದೆ, ಉಸಿರು ನಿಧಾನವಾಗುವುದು: ಇವಕ್ಕೆ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗ ಅಥವಾ 112. ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ನೋಟ್‌ಬುಕ್ಕನ್ನೂ ಒಯ್ಯಿರಿ.

ಸಾಯುವ ಯೋಚನೆ ಬಂದರೆ, ಅಥವಾ ಮನೆಯವರಲ್ಲಿ ಅದರ ಸುಳಿವು ಕಂಡರೆ, ಒಬ್ಬರೇ ಇರಲು ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು ಬೇರೆಯವರ ಸುಪರ್ದಿಗೆ ಕೊಡಿ, ಆದರೆ ದಿನದ ಡೋಸ್ ತಪ್ಪಿಸಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಅದರ ಮುಖ್ಯ ಹೊಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಮುಂಬೈ, ಚೆನ್ನೈ, ದೆಹಲಿ ಎಲ್ಲೇ ಇದ್ದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.

ಮುಂದಿನ ಸಲ ಮಾತ್ರೆ ಬದಲಾದಾಗ ಮನಸ್ಸು ಕೆಟ್ಟರೆ, ಯಾವುದನ್ನೂ ನಿಲ್ಲಿಸುವ ಮೊದಲು, ಯಾವುದನ್ನೂ ಹೆಚ್ಚಿಸುವ ಮೊದಲು, ಹಿಂದಿನ ಮೂರು ವಾರದ ಪುಟ ತಿರುಗಿಸಿ ನೋಡಿ. ಏನು ಬದಲಾಯಿತು, ಯಾವತ್ತು ಬದಲಾಯಿತು ಎಂಬ ಎರಡು ಉತ್ತರ ಸಿಕ್ಕರೆ, ಅದನ್ನು ಹಿಡಿದು ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.